ಆರು ಗಾಜಿನ ಬಸ್ಸು

ಕ್ಲೀವ್‌ಲ್ಯಾಂಡ್
೯ ಅಕ್ಟೋಬರ್ ೧೯೯೪

ಪ್ರೀತಿಯ ತಂಗಿ ಮಿಲ್ಕಾಗೆ,

ನಿನ್ನ ಅಣ್ಣ ರೂಡಿಯ ಆಶೀರ್ವಾದ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ಊಟದ ಮೇಜಿನಲ್ಲಿ ನಾವಿಬ್ಬರೂ ಜಗಳವಾಡಿ ಮೂರು ವರ್ಷವಾಯಿತು. ಆಮೇಲೆ ನಾನು ಒಂದು ಸಾಲೂ ಬರೆಯಲಿಲ್ಲ, ತಪ್ಪು ನನ್ನದೇ. ಬೈಯುವುದನ್ನು ಆಮೇಲೆ ಬೈಯುವಿಯಂತೆ, ಮೊದಲು ಇದನ್ನು ಓದು. ನನಗೆ ಖುಷಿಗೆ ಪೆನ್ನೇ ನಿಲ್ಲುತ್ತಿಲ್ಲ.

ನಮ್ಮ ಹಳೇ ಬಸ್ಸಿನ ಹುಚ್ಚರ ಸಂಘಕ್ಕೆ ಒಂದು ಬಸ್ಸು ಸಿಕ್ಕಿದೆ. ಈರಿ ಸರೋವರದ ದಡದಲ್ಲಿ ಯಾರೋ ಮೀನು ಹಿಡಿಯುವವರು ಅದನ್ನು ಗುಡಿಸಲು ಮಾಡಿಕೊಂಡು, ಮುಂದಿನ ಗಾಜಿಗೆಲ್ಲ ತಗಡು ಹೊಡೆದಿದ್ದರು. ಮೂತಿಯ ಮೇಲೆ ವೈಟ್ ಕಂಪನಿಯ ಬಿಲ್ಲೆ. ಎಲ್ಲರೂ ವೈಟ್ ಅಂದರು, ಎಲ್ಲರಿಗಿಂತ ಜೋರಾಗಿ ನಾನೇ ಅಂದೆ. ಬಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ಎಮರಿ ಸುಮ್ಮನೆ ಬಿಲ್ಲೆ ಬಿಚ್ಚಿದ. ಹಿಂದೆ ಬೇರೆ ತೂತುಗಳು, ಇನ್ನೊಂದು ಬಿಲ್ಲೆಯ ಉದ್ದನೆಯ ಗುರುತು.

“ಬಿಲ್ಲೆ ನೋಡಿ ಬಸ್ಸಿಗೆ ಹೆಸರಿಡ್ಬೇಡ ಕಣೋ ರೂಡಿ. ಶೆಡ್ಡಲ್ಲಿ ಕೈಗೆ ಸಿಕ್ಕಿದ್ದನ್ನ ಬಡಿದು ಕಳಿಸ್ತಿದ್ವಿ,” ಅಂದ.

ಡ್ರೈವರ್ ಸೀಟಿನ ಪಕ್ಕದ ಫಲಕದ ಬಣ್ಣ ಕೆರೆದೆ. ಟ್ವಿನ್ ಕೋಚ್ ಕಂಪನಿ, ಕೆಂಟ್, ಒಹಾಯೊ. ಪಕ್ಕೆಯ ಮೇಲಿನ ಸಂಖ್ಯೆ ಎಮರಿಯ ಹಳೇ ಪಟ್ಟಿಯಲ್ಲಿತ್ತು: ನಲವತ್ತೆಂಟನೇ ಇಸವಿ, ಅಪ್ಪನನ್ನು ಒಯ್ದ ವರ್ಷ, ನಮ್ಮದೇ ರೂಟು. ತಗಡು ಕಿತ್ತೆವು. ಆರು ಗಾಜು, ಮಿಲ್ಕಾ. ಎರಡು ಸಲ ಎಣಿಸಿದೆ.

ಅಪ್ಪನನ್ನು ಕ್ಷಯದ ಆಸ್ಪತ್ರೆಗೆ ಒಯ್ದ ಬಸ್ಸಿನ ಮುಂದೆ ಆರು ಗಾಜಿದ್ದವು, ಬಸ್ಸು ತಿರುಗುವವರೆಗೂ ಅಪ್ಪ ಡ್ರೈವರ್ ಪಕ್ಕ ನಿಂತು ಒಂದೊಂದು ಗಾಜಿನಲ್ಲೂ ಬಗ್ಗಿ ನೋಡಿದ ಎಂದು ನೀನು ಆರನೇ ವಯಸ್ಸಿನಿಂದ ಹೇಳುತ್ತಿದ್ದೆ. ಅದು ವೈಟ್, ಅದಕ್ಕಿದ್ದದ್ದು ಎರಡೇ ಗಾಜು, ನಿನಗೆ ಎಣಿಸಲೂ ಬರುತ್ತಿರಲಿಲ್ಲ ಎಂದು ನಾನು ಪ್ರತಿಸಲವೂ ನಿನ್ನ ಬಾಯಿ ಮುಚ್ಚಿಸಿದೆ. ಅಮ್ಮನ ಊಟದ ದಿನವೂ ಬಿಡಲಿಲ್ಲ. ನೀನೇ ಸರಿ, ತಾಯಿ. ಬಿಲ್ಲೆ ಮಾತ್ರ ನೋಡಿದ ನಾನು ದಡ್ಡ.

ಭಾನುವಾರ ಬಾ, ಅದರೊಳಗೆ ಕೂರಿಸುತ್ತೇನೆ. ಅಮ್ಮನ ಹಾಗೆ ಅಕ್ರೋಟು ಹಾಕಿ ಸುರುಳಿ ಸಿಹಿರೊಟ್ಟಿ, ಪೊತಿತ್ಸಾ, ಮಾಡಿದ್ದೇನೆ, ತಳ ಸ್ವಲ್ಪ ಸೀದಿದೆ. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ರೂಡಿ

ವಿ.ಸೂ.: ಆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಾನು ನಿನ್ನ ಹಿಂದೆ ನಿಂತಿದ್ದೆ ಎಂದು ನೀನು ಇಂದಿಗೂ ನಂಬಿದ್ದೀಯ. ನಾನು ಬಂದೇ ಇರಲಿಲ್ಲ. ಅಪ್ಪನ ಕೆಮ್ಮಿಗೆ ಹೆದರಿ ನೆಲಮಾಳಿಗೆಯಲ್ಲಿ ಕಲ್ಲಿದ್ದಲ ರಾಶಿಯ ಹಿಂದೆ ಅಡಗಿದ್ದೆ. ಗಾಜು ಎರಡೇ ಆಗಿದ್ದರೆ ಅಪ್ಪ ಬಗ್ಗಿ ಬಗ್ಗಿ ನೋಡಿದ ಎಂದು ನೀನು ಹೇಳಿದ್ದೂ ಸುಳ್ಳಾಗುತ್ತಿತ್ತು, ಅದಕ್ಕೇ ಅಷ್ಟು ಹಟ ಹಿಡಿದೆ. ಆರು ಗಾಜಿನಲ್ಲೂ ಅಪ್ಪ ಹುಡುಕಿದ್ದು ನನ್ನನ್ನು.