ನೀರಿನಾಚೆಯ ಟಿವಿ

ಟೂಸಾನ್, ಅರಿಜೋನಾ
ಏಪ್ರಿಲ್ 19, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಮಗಳೇ ಚೆಲಾ,

ನಿನ್ನ ಕೆಮ್ಮು ಬಿಟ್ಟಿತೇ? ಎಲ್ ಪಾಸೊದಲ್ಲಿ ಧೂಳಿನ ಗಾಳಿ ಎದ್ದಿದೆಯೆಂದು ಕೇಳಿದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸಕ್ಕೆ ಹೋಗು. ನಿನ್ನ ಬಗ್ಗೆ ಚಿಕ್ಕಮ್ಮ ಕೊನ್ಸುವೆಲೊಳನ್ನು ಕೇಳಿದರೆ ‘ಊಟ ಮಾಡ್ತಾಳೆ, ಮಾತಾಡಲ್ಲ’ ಅನ್ನುತ್ತಾಳೆ. ಮಾತಾಡದಿದ್ದರೂ ಪರವಾಗಿಲ್ಲ, ಊಟ ಮಾತ್ರ ಬಿಡಬೇಡ. ಇಲ್ಲಿ ಅಮ್ಮನ ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಹತೋಟಿಯಲ್ಲಿಲ್ಲ. ನನ್ನದು ಗೊತ್ತೇ ಇದೆಯಲ್ಲ, ಮೂವತ್ತು ವರ್ಷ ಊರವರ ಈಜುಕೊಳಗಳಿಗೆ ಗಾರೆ ಬಳಿದ ಮೊಣಕಾಲು, ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ.

ನಿನಗೆ ಬೇರೆಯವರಿಂದ ಗೊತ್ತಾಗುವ ಮುಂಚೆ ನಾನೇ ಹೇಳುತ್ತೇನೆ. ಹಿತ್ತಲಿನ ಕೊಳಕ್ಕೆ ಮತ್ತೆ ನೀರು ತುಂಬಿಸಿದ್ದೇವೆ. ನಿನ್ನ ಮಗು ಬೆಟೊ ಅದರಲ್ಲಿ ಮುಳುಗಿ ಹೋದ ಮರುವಾರವೇ ನೀರು ಬಿಟ್ಟು ಖಾಲಿ ಮಾಡಿದ್ದೆ, ಈ ಮೇ ತಿಂಗಳಿಗೆ ಎರಡು ವರ್ಷ. ಇನ್ನೂ ಹಾಗೇ ಇರಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಆದರೆ ನಿನ್ನ ಅಣ್ಣ ನೆಸ್ಟೊರ್ ಬಿಡಲಿಲ್ಲ. ‘ಅಪ್ಪಾ, ನನ್ನ ಮಕ್ಳು ಅಜ್ಜಿ ಮನೆಗೆ ಬಂದ್ರೆ ಎಷ್ಟು ವರ್ಷಾಂತ ಆ ಗುಂಡಿ ನೋಡ್ಕೊಂಡು ಕೂತಿರ್ಬೇಕು?’ ಅಂದ. ಅಮ್ಮ ಅಡುಗೆಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಆಮೇಲೆ ಕೈ ಒರೆಸಿಕೊಂಡು ಬಂದು ‘ತುಂಬ್ಸಿ’ ಅಂದಳು. ನಿನಗೆ ಸಿಟ್ಟು ಬಂದರೆ ಬರಲಿ, ಸಿಟ್ಟು ಬರಬೇಕಾದದ್ದೇ.

ನೀರು ಬಂದ ಮೇಲೆ ನೆಸ್ಟೊರ್‌ಗೆ ಟಿವಿಯೂ ಬೇಕಾಯಿತು. ಮೇ ತಿಂಗಳ ಮೊದಲ ಶನಿವಾರ ಬಾಕ್ಸಿಂಗ್ ಪಂದ್ಯ, ನೆಂಟರಿಷ್ಟರೆಲ್ಲ ಮೊದಲಿನ ಹಾಗೆ ಹಿತ್ತಲಿನಲ್ಲೇ ಸೇರಲಿ ಎಂದು ಅವನ ಆಸೆ. ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದ. ಅವನ ಕಣ್ಣು ಬಿದ್ದದ್ದು ಪ್ರೊಜೆಕ್ಟರಿನ ಮೇಲೆ. ಹತ್ತಡಿ ಅಗಲದ ಬಿಳಿ ಪರದೆ, ಪಕ್ಕಾ ಸಿನಿಮಾ ಮಂದಿರ. ಆದರೆ ಅದರಲ್ಲಿ ಚಿತ್ರ ಕಾಣಬೇಕಾದರೆ ಸುತ್ತ ಕತ್ತಲಿರಬೇಕು, ಕೊಳದ ದೀಪವನ್ನೂ ಆರಿಸಬೇಕು. ಮಕ್ಕಳಿರುವ ಕಡೆ ನೀರನ್ನು ಕತ್ತಲಲ್ಲಿಡುವ ವಸ್ತು ನನ್ನ ಮನೆಗೆ ಬೇಡ ಎಂದೆ. ಸರಿ ಬಿಡಪ್ಪ, ಟಿವಿಯೇ ಆಗಲಿ ಅಂದ. ಮುಂದಿನದು ಅದನ್ನು ಎಲ್ಲಿ ತೂಗುಹಾಕುವುದು ಎಂಬ ತಕರಾರು. ಊರಲ್ಲೆಲ್ಲ ಮನೆಯ ಹಿಂಗೋಡೆಗೆ, ಚಾವಣಿಯ ನೆರಳಿಗೆ ಹಾಕುತ್ತಾರೆ. ಹಾಗೆ ಹಾಕಿದರೆ ಕುರ್ಚಿಗಳೆಲ್ಲ ಮನೆಗೆ ಮುಖ, ನೀರಿಗೆ ಬೆನ್ನು. ಬೆಟೊ ಹೋದ ಆ ಶನಿವಾರ ಸಂಜೆಯೂ ಪಂದ್ಯ ನೋಡುತ್ತಾ ಹಾಗೇ ಕೂತಿದ್ದೆವಲ್ಲ.

ನನಗೆ ಅದು ಕೊಳದ ಆಚೆ, ಕಾಂಪೌಂಡ್ ಗೋಡೆಯ ಮೇಲೆಯೇ ಬೇಕಿತ್ತು. ಅಂಗಡಿಯ ಹುಡುಗಿ ನಗು ತಡೆದುಕೊಂಡು ‘ಸಾರ್, ಅದು ಉರಿಬಿಸಿಲಿನ ಗೋಡೆ. ಜೂನಲ್ಲಿ ಪರದೆ ಕಪ್ಪಾಗಿಹೋಗುತ್ತೆ, ಏನೂ ಕಾಣಲ್ಲ’ ಅಂದಳು. ನೆಸ್ಟೊರ್ ‘ಅಪ್ಪಂದು ಸ್ವಲ್ಪ ಹಂಗೇ, ನೀವು ಬೇಜಾರ್ ಮಾಡ್ಕೋಬೇಡಿ’ ಅಂದ. ನಾನು ಅವನಿಗೇ ಹೇಳಿದೆ, ‘ನೋಡೋರ ಕಣ್ಣು ನೀರನ್ನ ದಾಟ್ಕೊಂಡೇ ಟಿವಿಗೆ ಹೋಗ್ಬೇಕು ಕಣೋ.’ ಅವನು ಹುಡುಗಿಯ ಕಡೆ ತಿರುಗಿ ಬೇರೆ ಟಿವಿ ತೋರಿಸಲು ಹೇಳಿದ. ಬಿಸಿಲು ತಾಳುವ ಜಾತಿಯ ಟಿವಿ ಬೇರೆಯೇ ಇದೆಯಂತೆ, ಅದನ್ನೇ ತಂದೆವು. ಮೇಲೆ ತಗಡಿನ ಮಾಡು ನಾನೇ ಮಾಡಿದೆ.

ನಿನ್ನೆ ಅದನ್ನು ಗೋಡೆಗೆ ಏರಿಸಿದವನು ಎಫ್ರಾಯಿನ್. ನೀನು ಅವನ ಹೆಸರು ಎತ್ತಬೇಡಿ ಎಂದಿದ್ದೀಯ, ಆದರೂ ಬರೆಯುತ್ತೇನೆ. ನೀನು ಅವನನ್ನು ಬಿಟ್ಟು ಹೋದ ಮೇಲೂ ಅವನು ಗುರುವಾರ ಗುರುವಾರ ಬಂದು ನಮ್ಮ ಸಣ್ಣಪುಟ್ಟ ರಿಪೇರಿ ಮಾಡಿಕೊಡುತ್ತಾನೆ. ಕರೆಂಟಿನ ವೈರು ಹಾಯಿಸಲು ಕಾಲುವೆ ತೋಡಿದವನೂ ಅವನೇ, ಒಂದು ಸಲವೂ ನೀರಿನ ಕಡೆ ತಿರುಗಲಿಲ್ಲ. ಅಮ್ಮ ತಮಾಲೆ ಬಿಸಿ ಮಾಡಿ ಕೊಟ್ಟರೆ ನಿಂತೇ ತಿಂದ. ವಿಚ್ಛೇದನದ ಕಾಗದಕ್ಕೆ ತಾನು ಸಹಿ ಹಾಕಿಯಾಯಿತು, ಮೂವತ್ತನೇ ತಾರೀಕು ನೀನೂ ಹಾಕುತ್ತೀಯ ಎಂದ. ‘ಚೆಲಾ ಹೇಳೋದು ಸರಿನೇ ಮಾವ. ಕಾರ್ಡು ನಂದಾಗಿತ್ತು. ನಾನು ಮಾಂಸ ತಿರುವ್ತಾ ನಿಂತಿದ್ದೆ’ ಎಂದ. ಅಮ್ಮ ನನ್ನ ಮುಖ ನೋಡಿದಳು. ನಾನು ಸ್ಕ್ರೂಗಳನ್ನು ಎಣಿಸುತ್ತಿದ್ದೆ.

ಆ ಕಾರ್ಡಿನ ಪದ್ಧತಿಯನ್ನು ಮನೆಗೆ ತಂದವನು ನಾನೇ ಅಲ್ಲವೇ? ಮಕ್ಕಳಿರುವಾಗ ಕೊಳದ ಕಾವಲು ಕೂರುವ ಸರದಿ ಯಾರದೋ ಅವರ ಕೊರಳಿಗೆ ಕಾರ್ಡು, ಒಬ್ಬೊಬ್ಬರಿಗೆ ಕಾಲು ಗಂಟೆ, ಅದು ಕೊರಳಲ್ಲಿರುವಷ್ಟು ಹೊತ್ತು ಬಿಯರ್ ಇಲ್ಲ, ಫೋನಿಲ್ಲ, ಹರಟೆಯಿಲ್ಲ. ಆವತ್ತು ಅದು ಕೆಂಡದೊಲೆಯ ಪಕ್ಕ, ಎಫ್ರಾಯಿನ್‌ನ ತಟ್ಟೆಯ ಹತ್ತಿರ ಸಿಕ್ಕಿತು. ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ಕೈಯಲ್ಲಿ ಹಿಡಿದು ನೀನು ಅವನಿಗೆ ಅಂದ ಮಾತುಗಳನ್ನು ನಾನಿಲ್ಲಿ ಬರೆಯುವುದಿಲ್ಲ.

ಅಮ್ಮ ನಿನಗೆ ಒಣಮೆಣಸಿನಕಾಯಿ ಕಳಿಸುತ್ತಿದ್ದಾಳೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಗ್ವಾದಲೂಪೆ ತಾಯಿ ನಿನ್ನ ತಲೆಯ ಮೇಲೆ ಸದಾ ಕೈಯಿಟ್ಟಿರಲಿ, ನಿನಗೆ ನಿದ್ದೆ ಕೊಡಲಿ.

ನಿನ್ನ ಅಪ್ಪ,
ಫೆರ್ಮಿನ್

ತಾ.ಕ. ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಆವತ್ತು ಸರದಿ ಎಫ್ರಾಯಿನ್‌ನದಲ್ಲ, ನನ್ನದು. ಕಾರ್ಡು ನನ್ನ ಕೊರಳಲ್ಲಿತ್ತು. ಪಂದ್ಯದ ಕೊನೆಯ ಸುತ್ತು ಶುರುವಾಯಿತೆಂದು ಕುರ್ಚಿಯನ್ನು ಟಿವಿಯ ಕಡೆ ತಿರುಗಿಸಿಕೊಂಡೆ, ಮೂರು ನಿಮಿಷ, ಅಷ್ಟೇ ಎಂದುಕೊಂಡು. ನೀವಿಬ್ಬರೂ ಆಂಬುಲೆನ್ಸಿನಲ್ಲಿ ಹೋದ ಮೇಲೆ ಪೊಲೀಸಿನವನು ಕಾರ್ಡು ಯಾರ ಹತ್ತಿರ ಇತ್ತೆಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದ. ಅವನು ನನ್ನ ಹತ್ತಿರ ಬರುವಷ್ಟರಲ್ಲಿ ಅದನ್ನು ತೆಗೆದು ಒಲೆಯ ಪಕ್ಕ ಇಟ್ಟೆ. ನಾನು ಕೊಟ್ಟದ್ದು ಎಫ್ರಾಯಿನ್‌ಗೆ ನೆನಪಿಲ್ಲ, ಯಾಕೆಂದರೆ ನಾನು ಕೊಡಲೇ ಇಲ್ಲ. ಆದರೂ ‘ನಂದೇ ಇರ್ಬೇಕು’ ಎಂದು ಒಪ್ಪಿಕೊಂಡ. ನಾನು ಸುಮ್ಮನಿದ್ದೆ. ಎರಡು ವರ್ಷ ಸುಮ್ಮನಿದ್ದೆ. ಕಾಗದಕ್ಕೆ ಸಹಿ ಹಾಕುವುದೂ ಬಿಡುವುದೂ ನಿನ್ನಿಷ್ಟ, ಆದರೆ ಇದು ಗೊತ್ತಿಲ್ಲದೆ ಹಾಕಬೇಡ. ಅವನಿಗೆ ಇನ್ನೂ ಹೇಳಿಲ್ಲ. ಮೊದಲು ಇದನ್ನು ಅಂಚೆಪೆಟ್ಟಿಗೆಗೆ ಹಾಕಿ ಆಮೇಲೆ ಅವನ ಮನೆಗೆ ಹೋಗುತ್ತೇನೆ. ಮೊದಲು ಅವನ ಮುಖ ನೋಡಿದರೆ ನಾನು ಮತ್ತೆ ಸುಮ್ಮನಾಗಿಬಿಡುತ್ತೇನೆ.