ಬೇಗ ಬಂದ ಮೌನ

12-1-1963, ಶನಿವಾರ
ಚಿಕ್ಕಬಳ್ಳಾಪುರ

ಸ್ಕೂಲು ಬಿಟ್ಟದ್ದು ಲೆಕ್ಕ ಬಾರದೆ ಅಲ್ಲ. ಲೆಕ್ಕ ಬರಲಿಲ್ಲ ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಅವರ ಮಾತು ಕೇಳಿಸುತ್ತಿರಲಿಲ್ಲ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತ್ತು. ಇಲ್ಲಿಯಾದರೂ ನಿಜ ಇರಲಿ.

ಇವತ್ತೂ ಕಾಲೇಜಿನ ಹಿಂದಿನ ರೂಮಿನಲ್ಲಿ ವೆಂಕಟರವಣಪ್ಪ ಸಾರ್ ಜೊತೆ ಕೆಲಸ. ಗಾಜಿನ ಸಣ್ಣ ಕೊಳವೆಯಿಂದ ಪಾದರಸ ಉಪ್ಪುನೀರಿಗೆ ಹನಿಹನಿಯಾಗಿ ಬೀಳುತ್ತದೆ. ಹನಿಯ ಮೈ ನೀರಿಗೆ ತಾಗುವಲ್ಲಿ ವಿದ್ಯುತ್ತು ಎರಡು ಪದರವಾಗಿ ಎದುರುಬದುರು ನಿಲ್ಲುತ್ತದಂತೆ — ಡಬಲ್ ಲೇಯರ್. ಅದು ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನುವುದೇ ಸಾರ್ ಥೀಸಿಸ್ಸು. ಮಾರ್ಚ್‌ನಲ್ಲಿ ಕೊಡಬೇಕು.

ಚಾರ್ಜು ಅಳೆಯುವ ಪೆಟ್ಟಿಗೆಗೆ ಬ್ರಿಡ್ಜು ಅನ್ನುತ್ತಾರೆ; ಅದರ ಡಯಲನ್ನು ಸಾರ್ ಒಂದು ನಂಬರಿಗೆ ಇಡುತ್ತಾರೆ. ನನ್ನ ಕಿವಿಗೆ ಹಳೇ ಮಿಲಿಟರಿ ಹೆಡ್‌ಫೋನು. ಕೀಂ ಅನ್ನುವ ಸದ್ದು. ಹನಿ ದಪ್ಪವಾದಂತೆ ಸದ್ದು ಇಳಿಯುತ್ತದೆ, ಹನಿಯ ಚಾರ್ಜು ಡಯಲಿನ ನಂಬರಿಗೆ ಸಮವಾದಾಗ ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಏಳುತ್ತದೆ. ನಿಂತಾಗ ಸ್ಟಾಪ್‌ವಾಚು ಒತ್ತಬೇಕು. ಆಗ ಹನಿ ಎಷ್ಟು ದಪ್ಪ ಅನ್ನುವುದು ಆ ಟೈಮಿನಿಂದ ಗೊತ್ತಾಗುತ್ತದೆ. ಅಷ್ಟೇ ನನ್ನ ಕೆಲಸ.

ಹೋದ ವರ್ಷ ಸೇರಿದಾಗ ಆ ಸದ್ದು ಕಿವಿ ಕೊರೆಯುತ್ತಿತ್ತು. ಈಗ ಸೊಳ್ಳೆಯಷ್ಟು. ಸಾರ್ ಕೇಳಿದ್ದರೆ ಹೇಳುತ್ತಿದ್ದೆ. ಕೇಳಿಲ್ಲ.

20-1-1963, ಭಾನುವಾರ

ಅಮ್ಮ ಕೂಗಿ ಕೂಗಿ ಸಾಕಾಗಿ ಎದುರಿಗೇ ಬಂದಳು. "ಏಮಿರಾ ಚಲಪತಿ, ಕಿವೀಗೆ ಮೇಣ ಹುಯ್ಕೊಂಡಿದ್ದೀಯಾ?"

ಬೆಳ್ಳುಳ್ಳಿ ಹಾಕಿ ಕಾಸಿದ ಎಳ್ಳೆಣ್ಣೆ. ಎರಡು ಕಿವಿಗೂ ಬಿಟ್ಟಳು. ದಿನಾ ಬೆಳಿಗ್ಗೆ ಬಿಡಬೇಕಂತೆ. "ಮುರುಗಮಲ್ಲದ ದರ್ಗಾಕ್ಕೂ ಹೋಗ್ಬರಣ ಕಣಪ್ಪ." ಹೂಂ ಅಂದೆ.

21-1-1963

ಸದ್ದು ನಿಲ್ಲಲೇ ಇಲ್ಲ. ಹನಿ ದಪ್ಪವಾಯಿತು, ಬಿತ್ತು. ಇನ್ನೊಂದು… ಬಿತ್ತು. ಸಾರ್ ಉಪ್ಪುನೀರು ಚೆಲ್ಲಿ ಹೊಸದು ತುಂಬಿದರು. ಕೊಳವೆ ಸಿಕ್ಕಿಸಿದವನು ನಾನು. ಮತ್ತೆ ಅದೇ.

ಸಾರ್ ಮೂಗು ಅರಳಿಸಿದರು. "ಯಾರಪ್ಪಾ ಇಲ್ಲಿ ಒಗ್ಗರಣೆ ಹಾಕಿದ್ದು?"

ಕತ್ತು ಮುಟ್ಟಿ ನೋಡಿಕೊಂಡೆ. ಎಣ್ಣೆ ಇಳಿದಿತ್ತು. ಬೆರಳಲ್ಲೂ ಇತ್ತು. ಅದೇ ಬೆರಳು ಕೊಳವೆಯ ತುದಿಗೆ.

"ಅಯ್ಯೋ, ಎಣ್ಣೆ ಸೋಕಿದ್ರೆ ಪಾದರಸಕ್ಕೆ ಕಂಬಳಿ ಹೊದ್ದಿಸಿದ ಹಾಗೆ ಕಣೋ! ಡಬಲ್ ಲೇಯರ್ ಎಲ್ಲಿ ಸಿಗುತ್ತೆ? ಕಿವಿಗ್ಯಾಕೆ ಎಣ್ಣೆ?"

ನೆಗಡಿ ಅನ್ನಬಹುದಿತ್ತು. ಕೇಳಿದರಲ್ಲ… ಹೇಳಿಬಿಟ್ಟೆ.

24-1-1963

ಗಾಜೆಲ್ಲ ತೊಳೆದು, ಹೊಸ ಪಾದರಸ ಹಾಕಿ ಆಯಿತು. ಅದೇ ಡಯಲು. ಮೊದಲು ನಾನು ಹೆಡ್‌ಫೋನು ಹಾಕಿಕೊಂಡು ವಾಚು ಒತ್ತಿದೆ, ಆಮೇಲೆ ಸಾರ್. ಅವರ ಟೈಮು ಉದ್ದ. ಪ್ರತಿ ಸಲವೂ. ಅವರಿಗಿನ್ನೂ ಕೀಂ ಅನ್ನುತ್ತಿರುವಾಗಲೇ ನನಗೆ ಮೌನ ಬಂದುಬಿಟ್ಟಿರುತ್ತದೆ. ಹನಿ ಇನ್ನೂ ಸಣ್ಣದು. ಸಣ್ಣ ಹನಿಯೇ ಅಷ್ಟೊಂದು ಚಾರ್ಜು ಹಿಡಿಯಿತು ಅಂತ ನಮ್ಮ ಲೆಕ್ಕ. ವರ್ಷದ ನಂಬರೆಲ್ಲ ತಪ್ಪು.

ಸಾರ್ ಸಿಗರೇಟು ಹಚ್ಚಿ ಸೇದದೆ ಹಿಡಿದುಕೊಂಡಿದ್ದರು.

"ಎಷ್ಟು ಹೆಚ್ಚು ಅಂತ ಗೊತ್ತಾಯ್ತಲ್ಲ. ಎಲ್ಲದ್ರಲ್ಲೂ ಅಷ್ಟು ಕಳೆದುಬಿಡಣ. ಯಾರ್ಗೂ ಹೇಳ್ಬೇಡ."

"ಆಗಲ್ಲ ಸಾರ್. ಹೋದ್ ವರ್ಷ ಇಷ್ಟು ಕಿವುಡ ಆಗಿರ್ಲಿಲ್ಲ ನಾನು."

"ಯಾವ್ ತಿಂಗಳು ಎಷ್ಟಾಗಿದ್ದೆ ಹೇಳಪ್ಪ. ಅಷ್ಟಷ್ಟೇ ಕಳೀತೀನಿ."

ಗೇಲಿ ಅಲ್ಲ. ಬೇಡುತ್ತಿದ್ದರು. ಕೇಳಿಸದೆ ಹೋದದ್ದು ಎಷ್ಟು ಅಂತ ಕೇಳಿಸದವನಿಗೆ ಹೇಗೆ ಗೊತ್ತು… ಹುಟ್ಟಿಸಿ ಹೇಳಲು ಬಾಯಿ ಬರಲಿಲ್ಲ.

9-2-1963

ಸಾರ್ ಮೊದಲಿಂದ ಶುರು ಮಾಡಿದ್ದಾರೆ. ಒಬ್ಬರೇ. ಮಾರ್ಚ್‌ಗೆ ಮುಗಿಯುವುದಿಲ್ಲ. ಹೋಗು ಅಂತ ನನಗೆ ಹೇಳಿಲ್ಲ. ಗಾಜು ತೊಳೆದುಕೊಂಡು ಇರ್ತೀನಿ ಸಾರ್ ಅಂದೆ. ಏನೋ ಅಂದರು. ಬೆನ್ನು ನನ್ನ ಕಡೆ ಇತ್ತು. ಇನ್ನೊಂದು ಸಲ ಕೇಳಲು ಧೈರ್ಯ ಬರಲಿಲ್ಲ.

10-2-1963, ಭಾನುವಾರ

ಶಿಡ್ಲಘಟ್ಟದ ಹತ್ತಿರದ ಮೇಲೂರಿನಿಂದ ಗಂಗುಲಪ್ಪ ಮಾವ ಬಂದಿದ್ದರು. ಅವರದು ರೇಷ್ಮೆ ನೂಲು ತೆಗೆಯುವ ಕೆಲಸ. "ಬಾರಪ್ಪ, ನಮ್ ಚರಕದ ಗದ್ದಲದಾಗೆ ಎಲ್ಲಾರೂ ಕಿವುಡ್ರೇ!" ಅಂದು ನಕ್ಕರು. ಅಮ್ಮ ಬಟ್ಟೆಗಂಟಿನಲ್ಲಿ ಎಣ್ಣೆ ಸೀಸೆ ಇಟ್ಟಿದ್ದಾಳೆ.

ಮಾವನ ಜೊತೆ ಕೆಲಸಕ್ಕೆ ಹೊರಟೆ ಅಂತ ಸಾರ್‌ಗೆ ಹೇಳಿ ಬರಲು ಸಂಜೆ ಹೋದೆ. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಬಾಗಿಲಲ್ಲಿ ನಿಂತು ಕರೆದೆ. ಕೇಳಿಸಲಿಲ್ಲ — ಅವರಿಗೆ. ಹತ್ತಿರ ಹೋಗಿ ಮುಟ್ಟಿದ್ದರೆ ಒಂದು ಹನಿ ಹಾಳಾಗುತ್ತಿತ್ತು. ಬಂದುಬಿಟ್ಟೆ.

ನಾಳೆ ಬೆಳಿಗ್ಗೆ ಶಿಡ್ಲಘಟ್ಟದ ಬಸ್ಸು.