ನಾಲ್ಕು ಸಾವಿರ ಗಂಟೆ

ಮಾರ್ಚ್ 4, ಮಧ್ಯಾಹ್ನ

ಕ್ಲಿನಿಕ್‌ನ ಹತ್ತು ಹಾಸಿಗೆಗೆ ನರ್ಸ್ ಬೆಲ್ಲಿನ ವೈರು ಎಳೆದು ಮುಗಿಸಿದೆ. ಏಳನೆಯದನ್ನು ಒತ್ತಿದರೆ ಮೂರನೆಯದರ ದೀಪ ಹತ್ತುತ್ತಿತ್ತು. ವೈರು ಅದಲುಬದಲು — ಮೈದುನನ ಕೈಚಳಕ. ಬಿಚ್ಚಿ ಸರಿಮಾಡಿದೆ. ಅವನು ಕೆಳಗೆ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದ. ಏಣಿ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಇವರು ಹೋಗಿ ಮೂವತ್ತಮೂರು ದಿನ. ಹದಿನೇಳು ವರ್ಷ ಏಣಿಯ ಮೇಲೆ ಕಳೆದ ಮನುಷ್ಯ, ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಅರ್ಧ ಗಡ್ಡ ಆಗಿತ್ತು. ಉಳಿದರ್ಧ ನಾನೇ ತೆಗೆದೆ.

ನಾಳೆ ಲೈಸೆನ್ಸ್ ಆಫೀಸು. ಲೋ ವೋಲ್ಟೇಜ್ ಲೈಸೆನ್ಸ್ ಇವರ ಹೆಸರಿನಲ್ಲಿತ್ತು. ಸತ್ತವರ ಲೈಸೆನ್ಸ್ ಮೇಲೆ ನೂರೆಂಬತ್ತು ದಿನ ಕೆಲಸ ಮಾಡಬಹುದಂತೆ. ಅಷ್ಟರಲ್ಲಿ ಮನೆಯವರೊಬ್ಬರು ಪರೀಕ್ಷೆ ಪಾಸಾಗಬೇಕು. ಇಲ್ಲದಿದ್ದರೆ ಅಂಗಡಿಗೆ ಬೀಗ. ಪರೀಕ್ಷೆಗೆ ಕೂರುವವಳು ನಾನೇ, ಇನ್ಯಾರು? ಕ್ಯಾಮೆರಾ, ಇಂಟರ್‌ಕಾಮ್, ಬೆಂಕಿ ಅಲಾರಂ — ಹನ್ನೊಂದು ವರ್ಷ ಇವರು ವೈರು ಎಳೆದರು, ನಾನು ಜೋಡಿಸಿದೆ. ಪರೀಕ್ಷೆಗೆ ನಾಲ್ಕು ಸಾವಿರ ಗಂಟೆಯ ಅನುಭವ ಬೇಕು. ನನ್ನದು ಅದರ ಐದು ಪಟ್ಟಾದರೂ ಇದ್ದೀತು.

ಮಾರ್ಚ್ 5

ನನ್ನದು ಸೊನ್ನೆ.

ಕೌಂಟರ್‌ನಲ್ಲಿ ದಪ್ಪ ಕನ್ನಡಕದ ಗುಮಾಸ್ತ. ನಮ್ಮ ಕೆಲಸದ ರಿಜಿಸ್ಟರನ್ನು ಕೊನೆಯವರೆಗೆ ತಿರುವಿದ. ಮತ್ತೆ ಮೊದಲಿನಿಂದ ತಿರುವಿದ.

"ನಿಮ್ಮ ಹೆಸರು ಎಲ್ಲೂ ಇಲ್ವಲ್ಲಮ್ಮ."

"ಸರಿಯಾಗಿ ನೋಡಿ."

"ನೀವೇ ನೋಡ್ಕೊಳ್ಳಿ."

ನೋಡಿದೆ. ಇವರ ದುಂಡು ಅಕ್ಷರ. ನಾನು ಮಾಡಿದ ಪ್ರತಿ ಕೆಲಸವೂ ಇದೆ. ತಾರೀಕು ಸರಿ. ಗಂಟೆ ಸರಿ. 'ಕೆಲಸ ಮಾಡಿದವರು' ಎಂಬ ಅಂಕಣದಲ್ಲಿ ಮಾತ್ರ ಮೈದುನನ ಹೆಸರು. ಪುಟದ ಮೇಲೆ ಪುಟ. ಆ ಶಾಲೆಯ ಅಲಾರಂ ಹಾಕಿದ ವಾರ ಅವನು ಊರಲ್ಲೇ ಇರಲಿಲ್ಲ. ನನಗೆ ಜ್ವರ, ಆದರೂ ಮಾತ್ರೆ ನುಂಗಿ ಹೋಗಿದ್ದೆ. ಅದೂ ಅವನ ಖಾತೆಗೆ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಬೆಳ್ಳುಳ್ಳಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ.

"ಹೆಂಗಸಿನ ಹೆಸರು ಬರೆದ್ರೆ ವಿಮೆಯೋರು ನೂರೆಂಟು ಕೇಳ್ತಾರೆ ಅಂದಿದ್ದ ನಿನ್ನ ಗಂಡ. ಹಾಗಿದ್ರೆ ತಮ್ಮನ ಹೆಸರು ಹಾಕು, ಮುಂದಕ್ಕೆ ಅವನಿಗೆ ಅನುಕೂಲ ಆಗತ್ತೆ ಅಂತ ನಾನೇ ಹೇಳ್ದೆ."

"ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ನಿಂಗ್ಯಾಕೆ? ನೀನು ಗಂಡನ ಜೊತೆ ಹೋಗ್ತಿದ್ದೆ. ಅದೂ ಒಂದು ಕೆಲಸವಾ?"

ಮಾರ್ಚ್ 6

ನಾನು ಅತ್ತುಬಿಟ್ಟೆ. ಇವರು ಸತ್ತ ದಿನ ಇಷ್ಟು ಅತ್ತಿರಲಿಲ್ಲ. ಬದುಕಿದ್ದರೆ ಮುಖಕ್ಕೆ ಮುಖ ಕೊಟ್ಟು ಕೇಳಬಹುದಿತ್ತು. ಈಗ ಗೋಡೆಯ ಫೋಟೋವನ್ನು ಕೇಳಲೇ? ತೆಗೆದು ಬೀರುವಿನ ಹಿಂದೆ ಇಟ್ಟಿದ್ದೇನೆ.

ಮಾರ್ಚ್ 19

ಆಫೀಸಿಗೆ ನಾಲ್ಕನೇ ಸಲ. ಗುಮಾಸ್ತನಿಗೆ ನನ್ನ ಕಾಟ ಸಾಕಾಗಿರಬೇಕು. ದನಿ ತಗ್ಗಿಸಿ ಹೇಳಿದ —

"ಒಂದು ದಾರಿ ಇದೆ. ಮನೇಲಿ ಬೇರೆ ಅರ್ಹರು ಇಲ್ಲ ಅಂತಾದ್ರೆ, ಗಿರಾಕಿಗಳ ಪತ್ರ ನೋಡಿ ನಿಮ್ಮನ್ನ ಕೂರಿಸಬಹುದು. ಆದ್ರೆ ನಿಮ್ಮ ಮೈದುನ ಆಗ್ಲೇ ಅರ್ಜಿ ಹಾಕಿದಾರೆ. ನಾಲ್ಕು ಸಾವಿರಕ್ಕೂ ಮೇಲಿದೆ ಅವರ ಗಂಟೆ."

"ಅದು ನಂದು."

ಕೇಳಿಸದವನ ಹಾಗೆ ಮೊಹರು ಒತ್ತಿದ. "ಅವರು ಪ್ರಾಕ್ಟಿಕಲ್‌ನಲ್ಲಿ ಫೇಲಾದ್ರೆ ಒಂದು ವರ್ಷ ಕೂರೋ ಹಾಗಿಲ್ಲ. ಹಾಗೇನಾದ್ರೂ ಆದ್ರೆ ಬನ್ನಿ, ನೋಡೋಣ."

ಅರ್ಜಿ ಹಾಕಿದ ವಿಷಯ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಮಾರ್ಚ್ 20

ಮೈದುನ ಅಡುಗೆಮನೆಯ ಬಾಗಿಲಿಗೆ ಬಂದ. ಕಂಕುಳಲ್ಲಿ ಪುಸ್ತಕ, ಮುಖದ ತುಂಬ ಹಲ್ಲು.

"ಅತ್ತಿಗೆ, ಸ್ವಲ್ಪ ಹೇಳ್ಕೊಡಿ. ನಿಮ್ಮಷ್ಟು ಯಾರಿಗೆ ಗೊತ್ತು?"

"ನಂಗೇನೋ ಗೊತ್ತು? ಗಂಟೆ ಎಲ್ಲಾ ನಿಂದೇ ಅಲ್ವಾ?"

"ಅಣ್ಣ ಬರೆದಿದ್ದು ಅತ್ತಿಗೆ. ನಾನು ಬರಿ ಅಂದ್ನಾ? ನೋಡಿ, ನಾನು ಪಾಸಾದ್ರೆ ಅಂಗಡಿ ಉಳಿಯತ್ತೆ. ನೀವೂ ಇರ್ತೀರಿ. ಫೋನ್ ಎತ್ಕೊಂಡು, ಬಂದೋರಿಗೆ ಟೀ ಕೊಟ್ಕೊಂಡು... ಏಣಿ ಹತ್ತೋ ಕರ್ಮ ತಪ್ಪತ್ತೆ."

ಕೊಂಕಿಲ್ಲ. ನಿಜವಾದ ಕನಿಕರದಿಂದಲೇ ಹೇಳಿದ. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

"ನಾಳೆಯಿಂದ ಬಂದು ಕೂತ್ಕೋ" ಅಂದೆ.

ಏಪ್ರಿಲ್ 11

ದಿನಾ ಸಂಜೆ ಐದರಿಂದ ಏಳು. ತಲೆಗೆ ಹತ್ತುವುದಿಲ್ಲ. ಹತ್ತಿದ್ದೂ ಬೆಳಗಾದರೆ ಇಳಿದುಹೋಗಿರುತ್ತದೆ. ವೈರಿಗೆ ಕೆಂಪು ಕಪ್ಪು ಬಣ್ಣ ಇಲ್ಲದಿದ್ದರೆ ಪ್ಲಸ್ಸು ಮೈನಸ್ಸಿನ ಗುರುತೇ ಸಿಗದು ಇವನಿಗೆ. ಪುಸ್ತಕವನ್ನು ಮಾತ್ರ ಗಿಳಿ ಹಾಗೆ ಒಪ್ಪಿಸುತ್ತಾನೆ. ನಡುನಡುವೆ ಅತ್ತೆ ಬಂದು ಅವನ ಮುಂದೆ ಮಾತ್ರ ಹಾಲಿನ ಲೋಟ ಇಟ್ಟು ಹೋಗುತ್ತಾರೆ.

ಏಪ್ರಿಲ್ 30

ಬರವಣಿಗೆಯ ಪರೀಕ್ಷೆ ಪಾಸು. ಗಿಳಿ ಪಾಠ ಫಲ ಕೊಟ್ಟಿದೆ. ಪ್ರಾಕ್ಟಿಕಲ್ ಜೂನ್‌ನಲ್ಲಿ.

ಹದಿಮೂರು ಗಿರಾಕಿಗಳ ಹತ್ತಿರ ಪತ್ರ ಬರೆಸಿಕೊಂಡೆ. 'ನಮ್ಮಲ್ಲಿ ಕೆಲಸ ಮಾಡಿದ್ದು ಈ ಹೆಣ್ಣುಮಗಳೇ.' ಟ್ರಂಕಿನ ತಳದಲ್ಲಿದೆ.

ಮೇ 9

ಇವತ್ತು ಮಾಡಿದೆ. ಬೇರೆ ಯಾರಿಗೂ ಹೇಳುವಂತಿಲ್ಲ, ಇಲ್ಲಿ ಬರೆಯುತ್ತೇನೆ.

ಬೆಂಕಿ ಅಲಾರಂನ ಪಾಠ. ಪ್ಯಾನೆಲ್‌ನಿಂದ ಎರಡು ವೈರು ಹೊರಟು, ಕೋಣೆ ಕೋಣೆಯ ಹೊಗೆ ಡಿಟೆಕ್ಟರ್ ಮುಟ್ಟಿಕೊಂಡು, ಕೊನೆಯ ಕೋಣೆಗೆ ಹೋಗುತ್ತವೆ. ಆ ತುದಿಯಲ್ಲಿ ಒಂದು ರೆಸಿಸ್ಟರ್ ಹಾಕಬೇಕು. ಅಕ್ಕಿಕಾಳಿಗಿಂತ ಚೂರು ದೊಡ್ಡದು, ಅಷ್ಟೇ. ಅದು ಅಲ್ಲಿದ್ದರೆ, ನಡುವೆ ಎಲ್ಲಿ ವೈರು ತುಂಡಾದರೂ ಪ್ಯಾನೆಲ್‌ನಲ್ಲಿ ಹಳದಿ ದೀಪ ಹತ್ತುತ್ತದೆ. ಮೈಗಳ್ಳರು ಅಷ್ಟು ದೂರ ಯಾರು ಹೋಗುತ್ತಾರೆ ಅಂತ ಅದನ್ನು ಪ್ಯಾನೆಲ್ ಒಳಗೇ ತಿರುಪಿಬಿಡುತ್ತಾರೆ. ಆಮೇಲೆ ವೈರನ್ನು ಇಲಿ ತಿಂದರೂ ಹಸಿರು ದೀಪವೇ. ಕಿತ್ತು ಬಿಸಾಡಿದರೂ ಹಸಿರು. ಹೊಗೆ ಬಂದರೆ ಕೂಗುವವರಿಲ್ಲ.

ಪ್ರಾಕ್ಟಿಕಲ್‌ನಲ್ಲಿ ಪರೀಕ್ಷಕ ತುದಿಯ ವೈರನ್ನು ಕತ್ತರಿಸಿ ನೋಡುತ್ತಾನೆ. ಹಳದಿ ಬರದಿದ್ದರೆ ಅಲ್ಲೇ ಫೇಲು. ಎರಡನೇ ಮಾತಿಲ್ಲ.

"ಅತ್ತಿಗೆ, ಈ ಪುಟಾಣಿ ಎಲ್ಲಿ ಹಾಕೋದು?"

"ಪ್ಯಾನೆಲ್ ಒಳಗೆ."

"ಪುಸ್ತಕದಲ್ಲಿ ಕೊನೇ ಡಿಟೆಕ್ಟರ್ ಹತ್ರ ಅಂತಿದೆ?"

"ಪುಸ್ತಕ ಬರೆದೋರು ಏಣಿ ಹತ್ತಿದಾರಾ? ನಿಮ್ಮಣ್ಣ ಎಲ್ಲಾ ಕಡೆ ಒಳಗೇ ಹಾಕ್ತಿದ್ರು."

ಅಣ್ಣನ ಹೆಸರು ಹೇಳಿದ್ದೇ ತಡ, ಒಪ್ಪಿಕೊಂಡ. ಇವರು ಒಂದೇ ಒಂದು ದಿನ ಹಾಗೆ ಮಾಡಿದವರಲ್ಲ. ತುದಿಯ ರೆಸಿಸ್ಟರನ್ನು ಸ್ವಂತ ಕೈಯಲ್ಲಿ ಹಾಕದೆ ಊಟಕ್ಕೆ ಕೂತವರಲ್ಲ. ಇರಲಿ. ನನ್ನ ಹೆಸರಿಗೆ ಇವರು ಮಾಡಿದ್ದನ್ನು ಇವರ ಹೆಸರಿಗೆ ನಾನು ಮಾಡಿದೆ.

ಹತ್ತು ಸಲ ಮಾಡಿಸಿದೆ. ಹನ್ನೊಂದನೇ ಸಲ ಕಣ್ಣು ಮುಚ್ಚಿಕೊಂಡೇ ಹಾಕಿದ. ಭೇಷ್ ಅಂದೆ.

ಜೂನ್ 14, ಬೆಳಿಗ್ಗೆ 9

ಹೊಸ ಶರ್ಟು ಹಾಕಿಕೊಂಡು ಹೊರಟ. "ಎಲ್ಲಾ ನಿಮ್ಮ ಕೈಗುಣ ಅತ್ತಿಗೆ." ಶರ್ಟಿನ ಕಾಲರ್ ಸರಿಮಾಡಿ ಕಳಿಸಿದೆ.

ಟ್ರಂಕಿನಿಂದ ಪತ್ರ ತೆಗೆದು ಫೈಲಿಗೆ ಹಾಕಿದೆ. ನಾಳೆಯೇ ಆಫೀಸಿಗೆ ಹೋಗುವುದು.

ಜೂನ್ 14, ಮಧ್ಯಾಹ್ನ 3

ಪಾಸು.

"ಊಟದ ಹೊತ್ತಾಗಿತ್ತು ಅತ್ತಿಗೆ. ಹಸಿರು ನೋಡಿದ್ರು, ಸೈ ಅಂದ್ರು. ಕಟರ್ ಜೇಬಿಂದ ತೆಗೀಲೇ ಇಲ್ಲ."

ಅತ್ತೆ ನನ್ನ ಬೆನ್ನು ತಟ್ಟಿದರು. "ನೀನೂ ಕಷ್ಟಪಟ್ಟೆ ಬಿಡು." ಹನ್ನೊಂದು ವರ್ಷದಲ್ಲಿ ಮೊದಲ ಸಲ. ಫೈಲಿನ ಪತ್ರಗಳನ್ನು ಮತ್ತೆ ಟ್ರಂಕಿನ ತಳಕ್ಕೆ ಹಾಕಿದೆ.

ಜೂನ್ 15

ಏನೂ ಇಲ್ಲ.

ಆಗಸ್ಟ್ 17

ಎರಡು ತಿಂಗಳಿಂದ ಬರೆದಿಲ್ಲ. ಬರೆಯಲು ಏನಿತ್ತು... ಫೋನ್ ಎತ್ತಿದೆ, ಟೀ ಕೊಟ್ಟೆ. ಲೈಸೆನ್ಸಿಗೆ ಗಾಜು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾನೆ. ಆರು ಕಟ್ಟಡಕ್ಕೆ ಅಲಾರಂ ಹಾಕಿದ್ದಾನೆ. ಆರರಲ್ಲೂ ನಾನು ಕಲಿಸಿದ ಹಾಗೆಯೇ ಹಾಕಿರುತ್ತಾನೆ. ಪಾಠ ಮರೆಯುವವನು ಇದೊಂದನ್ನು ಮರೆತಿಲ್ಲ.

ಇವತ್ತು ಅವುಗಳಲ್ಲೊಂದಾದ, ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲ್‌ಗೆ ಪ್ಯಾನೆಲ್ಲಿನ ಬೀಗದ ಕೈ ಕೊಡಲು ಹೋಗಿದ್ದೆ. ಮೂರು ಮಹಡಿ, ಅರವತ್ತೆರಡು ಮಂಚ. ಇನ್ನೂ ಖಾಲಿ. ಡಿಟೆಕ್ಟರಿಗೆ ಹೊಡೆದು ನೋಡುವ ಹೊಗೆ ಸ್ಪ್ರೇ ಡಬ್ಬಿ ಚೀಲದಲ್ಲೇ ಇತ್ತು. ನೆಲಮಹಡಿ — ಕೂಗಿತು. ಎರಡನೆಯದು — ಕೂಗಿತು. ಮೂರನೆಯದು ಸುಮ್ಮನೆ. ಇಡೀ ಮಹಡಿ ಸುಮ್ಮನೆ. ಸೀಲಿಂಗ್ ಹೊಡೆಯುವಾಗ ಬಡಗಿಯ ಸ್ಕ್ರೂ ವೈರನ್ನು ತುಂಡು ಮಾಡಿರಬೇಕು. ಕೆಳಗೆ ಓಡಿ ಬಂದು ಪ್ಯಾನೆಲ್ ನೋಡಿದೆ. ಹಸಿರು.

ಅಂಗಡಿಗೆ ಬಂದು ಹೇಳಿದೆ. ಎಲ್ಲ ಹೇಳಿದೆ.

"ಬೇಕೂಂತಲೇ ತಪ್ಪು ಹೇಳ್ಕೊಟ್ಟೆ ಕಣೋ. ನೀನು ಫೇಲಾಗ್ಲಿ ಅಂತ."

ಫೋನ್ ಕೆಳಗಿಟ್ಟ. ಆಮೇಲೆ ನಕ್ಕ.

"ಪಾಸ್ ಮಾಡಿಸಿದ ಪಾಠ ತಪ್ಪು ಹೇಗಾಗತ್ತೆ ಅತ್ತಿಗೆ?"

"ಮೂರನೇ ಮಹಡಿ ಸತ್ತಿದೆ. ಸೀಲಿಂಗ್ ಬಿಚ್ಚಬೇಕು. ಎರಡು ದಿನ ಕೊಡು, ನಾನೇ ಮಾಡ್ತೀನಿ."

"ಪೇಂಟ್ ಆಗಿದೆ. ನಾಳೆ ಹುಡುಗೀರು ಬರ್ತಾರೆ." ಡ್ರಾಯರ್ ಎಳೆದು ಹೊಸ ರಿಜಿಸ್ಟರ್ ತೆಗೆದ. ಮೊದಲ ಪುಟದಲ್ಲಿ ನನ್ನ ಹೆಸರು. ಅವನ ಕೋಳಿಕಾಲಿನ ಅಕ್ಷರದಲ್ಲಿ, ಆದರೂ ನನ್ನ ಹೆಸರು. "ಇದನ್ನ ನಿಮಗೇ ಅಂತ ತಂದಿದ್ದೆ. ದಿನಾ ಎಂಟು ಗಂಟೆ, ನಾನು ಸೈನ್ ಮಾಡ್ತೀನಿ. ಎರಡು ವರ್ಷದಲ್ಲಿ ನಾಲ್ಕು ಸಾವಿರ ಆಗತ್ತೆ, ನೀವೂ ಪರೀಕ್ಷೆ ಬರೀರಿ. ಹಾಸ್ಟೆಲ್‌ನಿಂದಲೇ ಶುರು. 'ಪರೀಕ್ಷಿಸಿದವರು' ಅಂತಿದೆಯಲ್ಲ, ಅಲ್ಲಿ ನಿಮ್ಮ ಸೈನ್."

"ಅದು ಕೆಲಸ ಮಾಡ್ತಿಲ್ಲ ಅಂತಿದೀನಲ್ಲೋ."

"ಹಾಗಿದ್ರೆ ಬರೆದುಕೊಡಿ. ಬೇಕೂಂತಲೇ ತಪ್ಪು ಕಲಿಸ್ದೆ ಅಂತ. ಆಫೀಸಿಗೆ ನಾನೇ ತಲುಪಿಸ್ತೀನಿ." ದನಿ ಏರಿಸಲಿಲ್ಲ. "ಆಮೇಲೆ ಈ ಜನ್ಮದಲ್ಲಿ ಲೈಸೆನ್ಸ್ ಮಾತು ಎತ್ತಬೇಡಿ."

ಪೆದ್ದ ಅಂದುಕೊಂಡಿದ್ದೆ. ವೈರಿನ ವಿಷಯದಲ್ಲಿ ಮಾತ್ರ ಪೆದ್ದ.

ಆಗಸ್ಟ್ 18

ಸೈನ್ ಮಾಡಿದೆ. 'ಮೂರೂ ಮಹಡಿ ಪರೀಕ್ಷಿಸಲಾಗಿದೆ, ಸರಿಯಿದೆ.' ಎಂಟು ಗಂಟೆ.

ನನ್ನ ಹೆಸರಿನ ಮುಂದೆ ಮೊದಲ ಎಂಟು ಗಂಟೆ. ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ — ಖುಷಿಯಾಯಿತು. ಮುಂದಿನ ವಾರ ಏನಾದರೊಂದು ನೆಪ ಹೇಳಿ ಹೋಗಿ ಸೀಲಿಂಗ್ ಬಿಚ್ಚಿ ಸರಿಮಾಡಿ ಬರುತ್ತೇನೆ. ಒಂದು ವಾರದಲ್ಲಿ ಏನಾಗುತ್ತದೆ.

ಅಕ್ಟೋಬರ್ 6

ಒಟ್ಟು 320. ಮತ್ತೆ ಏಣಿ ಹತ್ತುತ್ತಿದ್ದೇನೆ. ನಾನು ಹಾಕುವಲ್ಲೆಲ್ಲ ರೆಸಿಸ್ಟರ್ ತುದಿಯಲ್ಲೇ ಇರುತ್ತದೆ. ಮೊದಲಿನ ಆರು ಕಟ್ಟಡಗಳ ತಂಟೆಗೆ ಹೋಗಿಲ್ಲ.

ಹಾಸ್ಟೆಲ್‌ಗೂ ಹೋಗಿಲ್ಲ. ಈಗ ಬಿಚ್ಚಿದರೆ ವಾರ್ಡನ್ ಯಾಕೆ ಅನ್ನುತ್ತಾರೆ. ಆಗಸ್ಟಿನಲ್ಲಿ ಸರಿಯಿದ್ದದ್ದು ಈಗ ಯಾಕೆ ಅನ್ನುತ್ತಾರೆ. ಸುಳ್ಳು ಸಹಿ ಅಂತಾದರೆ ಅಷ್ಟೂ ಗಂಟೆ ರದ್ದು. ಬಸ್ಸು ಆ ಕಟ್ಟಡದ ಮುಂದೆಯೇ ಹೋಗುತ್ತದೆ. ಅದು ಬಲಗಡೆ ಸಿಗುತ್ತದೆ. ನಾನು ಎಡಗಡೆ ಕೂರುತ್ತೇನೆ.

ಡಿಸೆಂಬರ್ 2, ಸಂಜೆ

ಬೆಳಿಗ್ಗೆ ಹಾಸ್ಟೆಲ್ ವಾರ್ಡನ್ ಫೋನ್ ಮಾಡಿದರು. ನಾನೇ ಎತ್ತಿದೆ. ಮೂರನೇ ಮಹಡಿ. ಇಸ್ತ್ರಿಪೆಟ್ಟಿಗೆ ಆರಿಸದೆ ಒಬ್ಬಳು ಸ್ನಾನಕ್ಕೆ ಹೋಗಿದ್ದಳು. ಹಾಸಿಗೆ ಹೊತ್ತಿಕೊಂಡಿತು. ಪಕ್ಕದ ಮಂಚದ ಹುಡುಗಿ ಬರಿಗೈಯಲ್ಲಿ ಎಳೆದು ಹೊರಗೆ ಹಾಕಿ, ಬಕೆಟ್ ನೀರು ಸುರಿದಳಂತೆ. ಅಲಾರಂ ಕೂಗಲಿಲ್ಲ.

ಹೋದೆ. ಬಸ್ಸಿನುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡೆ. ಇವತ್ತು ಹೇಳಿಬಿಡುವುದು. ಗಂಟೆ ಹೋದರೆ ಹೋಗಲಿ.

ಕೋಣೆಯಲ್ಲಿ ಸುಟ್ಟ ಹತ್ತಿಯ ವಾಸನೆ. ಸೀಲಿಂಗ್ ಕಪ್ಪಾಗಿತ್ತು, ಡಿಟೆಕ್ಟರ್ ಸುತ್ತ ಇನ್ನಷ್ಟು ಕಪ್ಪು. ಆ ಹುಡುಗಿ ಮಂಚದ ಮೇಲೆ ಕೂತಿದ್ದಳು. ಎರಡೂ ಅಂಗೈಗೆ ಬ್ಯಾಂಡೇಜು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವಳು. ಇನ್ನು ಹೊಲಿಯುವುದು ಯಾವಾಗಲೋ. ನನ್ನನ್ನು ನೋಡಿ ಎದ್ದು ನಿಂತಳು. ತಪ್ಪು ತನ್ನದೇ ಎಂಬಂತೆ.

"ಅಕ್ಕಾ, ನಾನು ಬೇಗ ಆರಿಸಿಬಿಟ್ಟೆ. ಅದಕ್ಕೇ ಕೂಗ್ಲಿಲ್ಲ ಅಲ್ವಾ? ಹೊಗೆ ಸಾಲ್ಲಿಲ್ಲ ಅಲ್ವಾ?"

ವಾರ್ಡನ್ ನನ್ನ ಮುಖ ನೋಡಿದರು. ನಾನು ಸೀಲಿಂಗ್ ನೋಡಿದೆ.

"ಹೌದಮ್ಮ" ಅಂದೆ. "ಹೊಗೆ ಸಾಲ್ಲಿಲ್ಲ."

"ನೋಡಿದ್ರಾ, ಮಿಷಿನ್ ಸರಿಯಾಗೇ ಇದೆ!" ಅಂತ ವಾರ್ಡನ್ ಎಲ್ಲರ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಹೋದರು. ಹೋಗುವಾಗ ನನಗೆ ಹೇಳಿದರು, "ನೀವು ಬಂದು ನೋಡಿದ್ರಲ್ಲ, ಈಗ ಧೈರ್ಯ ಬಂತು." ಹುಡುಗಿ ಬ್ಯಾಂಡೇಜಿನ ಕೈಯಲ್ಲೇ ನನಗೆ ನೀರು ಕೊಟ್ಟಳು. ಕುಡಿದೆ.

ಅಂಗಡಿಗೆ ಬಂದು ರಿಜಿಸ್ಟರ್ ತೆಗೆದೆ. ದೂರು ಬಂದಿತ್ತು. ಸ್ಥಳಕ್ಕೆ ಹೋಗಿ ಪರೀಕ್ಷಿಸಿದೆ. ಸರಿಯಿದೆ. ಎರಡು ಗಂಟೆ. ಮೈದುನ ಓದದೆ ಸೈನ್ ಮಾಡಿದ. ಒಟ್ಟು ಆರುನೂರ ನಲವತ್ತೆರಡು. ಉಳಿದದ್ದು ಮೂರು ಸಾವಿರದ ಮುನ್ನೂರ ಐವತ್ತೆಂಟು.